ಶೋಧಕಯಂತ್ರದ ತಪ್ಪು ಒಪ್ಪುಗಳು

ಹಿಂದೆ ಹೊಸ ಊರಿಗೆ ಬಂದ ಪ್ರಯಾಣಿಕನು ದಾರಿಯನ್ನು ಅಂಗಡಿಯವನನ್ನೋ ಬಸ್ಸು ನಿಲ್ದಾಣದಲ್ಲಿ ಕುಳಿತ ಹಿರಿಯರನ್ನೋ ಕೇಳಿ ತಿಳಿಯುತ್ತಿದ್ದನು. ಇಂದು ಆ ಪ್ರಶ್ನೆ ಕೈಯಲ್ಲಿರುವ ಮೊಬೈಲಿಗೆ ಹೋಗುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಬೇಕೆನ್ನುವವರು, ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ಸ್ಥಾಪಿತವಾದ ಗೊಮ್ಮಟಮೂರ್ತಿಯ ದರ್ಶನಕ್ಕೆ ಹೊರಟವರು, ನೇತ್ರಾವತಿಯ ದಡದ ಬಂಟ್ವಾಳದಲ್ಲಿ ಒಂದು ರಾತ್ರಿ ತಂಗಬೇಕೆನ್ನುವವರು ಮೊದಲು ಅಂತರ್ಜಾಲದ ಶೋಧಕಯಂತ್ರವನ್ನು ಕೇಳುತ್ತಾರೆ. ಅದು ಕ್ಷಣಮಾತ್ರದಲ್ಲಿ ಒಂದು ಪಟ್ಟಿಯನ್ನು ಮುಂದಿಡುತ್ತದೆ. ಆ ಪಟ್ಟಿಯ ಮೊದಲ ಕೆಲವು ಹೆಸರುಗಳನ್ನು ನೋಡಿ ತೃಪ್ತರಾಗುವವರೇ ಹೆಚ್ಚು.

ಆದುದರಿಂದ ಪಟ್ಟಿಯಲ್ಲಿ ದೊರೆಯುವ ಸ್ಥಾನವು ಸಾಮಾನ್ಯ ಸಂಗತಿಯಲ್ಲ. ಕಾರ್ತಿಕ ಮಾಸದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಬರುವವರಿಗಾಗಿ ಒಬ್ಬನು ತನ್ನ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಇಟ್ಟಿದ್ದಾನೆಂದು ಭಾವಿಸೋಣ. ಅವನ ಜಾಲತಾಣವು ಆ ವಾರದಲ್ಲಿಯೇ ಪಟ್ಟಿಯಿಂದ ಮಾಯವಾದರೆ ವರ್ಷದ ಸಂಪಾದನೆಯಲ್ಲಿ ಒಂದು ಪಾಲು ಹೋದಂತೆಯೇ ಸರಿ. ಹೀಗೆ ಮಾಯವಾಗುವುದಕ್ಕೆ ಅವನ ತಪ್ಪೇ ಕಾರಣವೇ? ಅಥವಾ ಪಟ್ಟಿಯನ್ನು ಸಿದ್ಧಪಡಿಸುವ ಯಂತ್ರವೇ ಎಡವಬಲ್ಲುದೇ? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಶೋಧಕಯಂತ್ರದ ಕಾರ್ಯಕ್ರಮವನ್ನು ಸ್ವಲ್ಪ ತಿಳಿಯಬೇಕು.

ಶೋಧಕಯಂತ್ರವೆಂಬುದು ಕಣ್ಣಿಗೆ ಕಾಣುವ ಒಂದೇ ಯಂತ್ರವಲ್ಲ. ಅದು ಹಲವು ದೇಶಗಳಲ್ಲಿ ಹರಡಿರುವ ಸಾವಿರಾರು ಗಣಕಯಂತ್ರಗಳ ಮತ್ತು ಅವುಗಳನ್ನು ನಡೆಸುವ ತಂತ್ರಾಂಶದ ಸಮೂಹ. ಅದರ ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಮೊದಲನೆಯದು ಸಂಗ್ರಹ: ಇದರಲ್ಲಿ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಾಗಿ, ಕಂಡ ಪುಟಗಳನ್ನೆಲ್ಲ ಓದಿಕೊಳ್ಳುತ್ತದೆ. ಎರಡನೆಯದು ಸೂಚಿಯ ರಚನೆ: ಗ್ರಂಥದ ಕೊನೆಯಲ್ಲಿ ಪದಗಳನ್ನೂ ಅವು ಬರುವ ಪುಟಸಂಖ್ಯೆಗಳನ್ನೂ ಕೊಡುವಂತೆ, ಯಾವ ಮಾತು ಯಾವ ತಾಣದಲ್ಲಿದೆ ಎಂಬುದನ್ನು ಇಲ್ಲಿ ಬರೆದಿಡಲಾಗುತ್ತದೆ. ಮೂರನೆಯದು ಶ್ರೇಣೀಕರಣ: ಕೇಳಿದ ಪ್ರಶ್ನೆಗೆ ಹೊಂದುವ ಪುಟಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಇಲ್ಲಿ ಲೆಕ್ಕಹಾಕಿ ಗೊತ್ತುಮಾಡಲಾಗುತ್ತದೆ. 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬುವರು, ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಗಳನ್ನು ಶಿಫಾರಸುಗಳಂತೆ ಎಣಿಸುವ ವಿಧಾನವನ್ನು ರೂಪಿಸಿದರು. ಇಂದು ಅದರೊಡನೆ ಇನ್ನೂ ಅನೇಕ ಅಂಶಗಳು ಸೇರಿವೆ.

ಈ ಮೂರು ಹಂತಗಳಲ್ಲಿಯೂ ದುಡಿಯುವುದು ಮನುಷ್ಯರು ಬರೆದ ತಂತ್ರಾಂಶವೇ. ತಂತ್ರಾಂಶದಲ್ಲಿ ಅಡಗಿರುವ ದೋಷಕ್ಕೆ ಗಣಕಶಾಸ್ತ್ರದಲ್ಲಿ ‘ಬಗ್’, ಎಂದರೆ ಹುಳು, ಎಂಬ ಹೆಸರಿದೆ. 1947ರಲ್ಲಿ ಅಮೆರಿಕದ ಹಾರ್ವರ್ಡಿನ ಒಂದು ಗಣಕಯಂತ್ರ ಕೆಟ್ಟಾಗ ಅದರೊಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ತಂತ್ರಜ್ಞರು ಅದನ್ನು ದಿನಚರಿಯ ಪುಸ್ತಕಕ್ಕೆ ಅಂಟಿಸಿದರು. ಯಂತ್ರದ ದೋಷವನ್ನು ಹುಳುವೆಂದು ಕರೆಯುವ ವಾಡಿಕೆ ಅದಕ್ಕೂ ಹಿಂದಿನದೇ ಆದರೂ, ಆ ಪತಂಗದ ಕತೆ ಇಂದಿಗೂ ಉಳಿದುಬಂದಿದೆ. ಇಂದಿನ ಹುಳುಗಳು ಕಣ್ಣಿಗೆ ಕಾಣುವುದಿಲ್ಲ. ಒಂದು ಚಿಹ್ನೆ ಹೆಚ್ಚಾದರೂ ಒಂದು ಸಾಲು ತಪ್ಪಿದರೂ ಸಾಕು, ಅದರ ಪರಿಣಾಮ ಜಗತ್ತನ್ನೆಲ್ಲ ಮುಟ್ಟಬಹುದು.

ಇದಕ್ಕೆ 2009ರ ಜನವರಿ 31ರ ಘಟನೆಯೇ ಸಾಕ್ಷಿ. ಗಣಕಯಂತ್ರಗಳಿಗೆ ಹಾನಿಮಾಡುವ ತಾಣಗಳ ಒಂದು ಪಟ್ಟಿಯನ್ನು ಗೂಗಲ್ ಸಂಸ್ಥೆ ಇಟ್ಟುಕೊಂಡಿದೆ. ಆ ದಿನ ಪಟ್ಟಿಯನ್ನು ತಿದ್ದುವಾಗ ಯಾರದೋ ಕೈತಪ್ಪಿನಿಂದ ಬರಿಯ ಒಂದು ಓರೆಗೆರೆ ಅದರಲ್ಲಿ ಸೇರಿಕೊಂಡಿತು. ಅಂತರ್ಜಾಲದ ಪ್ರತಿಯೊಂದು ವಿಳಾಸದಲ್ಲಿಯೂ ಓರೆಗೆರೆ ಇದ್ದೇ ಇರುತ್ತದೆ. ಆದುದರಿಂದ ಯಂತ್ರವು ಎಲ್ಲ ತಾಣಗಳನ್ನೂ ಅಪಾಯಕಾರಿಯೆಂದು ಎಣಿಸಿ, ಹುಡುಕಿದ ಪ್ರತಿಯೊಂದು ಹೆಸರಿನ ಕೆಳಗೂ ಎಚ್ಚರಿಕೆಯ ಮಾತನ್ನು ತೋರಿಸಿತು. ಆಗ ಭಾರತದಲ್ಲಿ ರಾತ್ರಿ ಸುಮಾರು 8 ಗಂಟೆ. ಬೆಂಗಳೂರಿನ ಪತ್ರಿಕೆಯ ತಾಣವಾಗಲಿ ಅಮೆರಿಕದ ವಿಶ್ವವಿದ್ಯಾನಿಲಯದ ತಾಣವಾಗಲಿ ಯಾವ ಭೇದವೂ ಇರಲಿಲ್ಲ. ಸುಮಾರು 40 ನಿಮಿಷಗಳ ಅನಂತರ ತಪ್ಪನ್ನು ತಿದ್ದಲಾಯಿತು. ಯಂತ್ರವು ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ತಪ್ಪಿದ್ದುದು ಹೇಳಿದ ಮಾತಿನಲ್ಲಿ.

ದೋಷವು ಸೂಚಿಯಲ್ಲಿಯೇ ಉಂಟಾದರೆ ಫಲ ಇನ್ನೂ ಕಠಿನ. ಶೋಧಕಯಂತ್ರದ ಸೂಚಿಯು ಒಂದೇ ಸ್ಥಳದಲ್ಲಿರದೆ ಅನೇಕ ದತ್ತಾಂಶಕೇಂದ್ರಗಳಲ್ಲಿ ಹಂಚಿಹೋಗಿರುತ್ತದೆ. 2019ರ ಏಪ್ರಿಲ್ ತಿಂಗಳಲ್ಲಿ ಕೆಲವು ಕೇಂದ್ರಗಳ ಸೂಚಿಯನ್ನು ಹೊಸದಾಗಿ ಮಾಡುತ್ತಿದ್ದಾಗ ಅದರ ಒಂದು ಭಾಗವೇ ಅಕಸ್ಮಾತ್ತಾಗಿ ಕಳೆದುಹೋಯಿತು. ಅದರಲ್ಲಿದ್ದ ಪುಟಗಳು ಕೆಲವು ದಿನಗಳ ಕಾಲ ಹುಡುಕಿದರೂ ಸಿಗದಾದುವು. ಅವು ಅಂತರ್ಜಾಲದಲ್ಲಿ ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದುವು. ಆದರೆ ಗ್ರಂಥಾಲಯದ ಪಟ್ಟಿಯಲ್ಲಿ ಹೆಸರಿಲ್ಲದ ಪುಸ್ತಕವು ಕಪಾಟಿನಲ್ಲಿದ್ದೂ ಇಲ್ಲದಂತೆ ಆಗುವುದಲ್ಲವೇ? ಅವುಗಳ ಸ್ಥಿತಿಯೂ ಹಾಗೆಯೇ ಆಯಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಂಡು, ಅದು ಹೇಗೆ ನಡೆಯಿತೆಂಬುದನ್ನು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬಹಿರಂಗವಾಗಿ ವಿವರಿಸಿತು.

ಮತ್ತೆ 2020ರ ಆಗಸ್ಟ್ 10ರಂದು ಪಟ್ಟಿಯ ಕ್ರಮವೇ ಅಸ್ತವ್ಯಸ್ತವಾಯಿತು. ಉತ್ತಮ ತಾಣಗಳು ಹಿಂದೆ ಸರಿದು, ಪ್ರಶ್ನೆಗೆ ಸಂಬಂಧವೇ ಇಲ್ಲದವು ಮುಂದೆ ಬಂದುವು. ಸೂಚಿಯನ್ನು ರಚಿಸುವ ವ್ಯವಸ್ಥೆಯಲ್ಲಿ ತೊಡಕುಂಟಾಗಿತ್ತೆಂದು ಸಂಸ್ಥೆಯು ಮರುದಿನ ತಿಳಿಸಿತು. ಶ್ರೇಣಿಯ ಲೆಕ್ಕ ಸರಿಯಾಗಿದ್ದರೂ ಅದಕ್ಕೆ ಆಧಾರವಾದ ಸೂಚಿಯು ಕೆಟ್ಟರೆ ಶ್ರೇಣಿಯೂ ಕೆಡುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಳಪಾಯ ಕುಸಿದ ಮೇಲೆ ಗೋಡೆ ನೆಟ್ಟಗೆ ನಿಲ್ಲುವುದೆಂತು?

ಅದೇ ವರ್ಷದ ಅಕ್ಟೋಬರ್ ತಿಂಗಳ ಮೊದಲಲ್ಲಿ ಇನ್ನೆರಡು ದೋಷಗಳು ಕಂಡುಬಂದುವು. ಅವುಗಳಲ್ಲಿ ದೊಡ್ಡದು ಸೂಚಿಯ ಸುಮಾರು ಶೇಕಡಾ 0.2 ಭಾಗವನ್ನು ಮಾತ್ರ ಬಾಧಿಸಿತೆಂದು ಸಂಸ್ಥೆಯು ಹೇಳಿತು. ಕೇಳಲು ಇದು ಬಹಳ ಚಿಕ್ಕ ಅಂಶ. ಆದರೆ ಆ ಸೂಚಿಯಲ್ಲಿ ಹತ್ತಾರು ಸಾವಿರ ಕೋಟಿ ಪುಟಗಳಿವೆ. 10,000 ಕೋಟಿ ಪುಟಗಳೆಂದೇ ಹಿಡಿದರೂ ಶೇಕಡಾ 0.2 ಎಂದರೆ 20 ಕೋಟಿ ಪುಟಗಳಾಗುತ್ತವೆ. ಆ 20 ಕೋಟಿಯಲ್ಲಿ ತನ್ನ ಒಂದೇ ಪುಟ ಸೇರಿಹೋದವನಿಗೆ ನಷ್ಟವು ಶೇಕಡಾ 0.2 ಅಲ್ಲ, ಪೂರ್ತಿ 100.

ಹೀಗೆ ತಂತ್ರಾಂಶದ ದೋಷಗಳು ತಾಣಗಳ ಸ್ಥಾನವನ್ನು ಬದಲಿಸಬಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ಥಾನ ಕುಸಿದಾಗಲೆಲ್ಲ ಯಂತ್ರವನ್ನೇ ದೂರುವುದು ವಿವೇಕವಲ್ಲ. ಕುಸಿತಕ್ಕೆ ಬೇರೆ ಎರಡು ಕಾರಣಗಳೂ ಉಂಟು, ಅವೇ ಹೆಚ್ಚು ಸಾಮಾನ್ಯವಾದವು. ಒಂದು, ತಾಣದ ಒಡೆಯನ ಅಜಾಗರೂಕತೆ. ತನ್ನ ಪುಟವನ್ನು ಸೂಚಿಗೆ ಸೇರಿಸಬಾರದೆಂಬ ಆಜ್ಞೆಯನ್ನು ಅವನೇ ತಿಳಿಯದೆ ಬರೆದಿರಬಹುದು. ಪುಟದ ವಿಳಾಸವನ್ನು ಬದಲಿಸಿ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸದೆ ಇರಬಹುದು. ಇನ್ನೊಂದು, ಶ್ರೇಣೀಕರಣದ ನಿಯಮಗಳಲ್ಲಿ ಸಂಸ್ಥೆಯು ಬುದ್ಧಿಪೂರ್ವಕವಾಗಿ ಮಾಡುವ ಮಾರ್ಪಾಡು. ಇಂತಹ ಮಾರ್ಪಾಡು ವರ್ಷಕ್ಕೆ ಹಲವು ಬಾರಿ ನಡೆಯುತ್ತದೆ. ಅದು ಒಬ್ಬನಿಗೆ ನಷ್ಟವೂ ಮತ್ತೊಬ್ಬನಿಗೆ ಲಾಭವೂ ಆಗಬಹುದು. ಆದರೆ ಅದನ್ನು ದೋಷವೆನ್ನಲಾಗದು.

ಇವುಗಳನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಯಂತ್ರದ ದೋಷವು ಥಟ್ಟನೆ ತೋರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ತಾಣಗಳನ್ನು ಒಮ್ಮೆಲೇ ಬಾಧಿಸುತ್ತದೆ. ತಿದ್ದಿದೊಡನೆ ಹಿಂದಿನ ಸ್ಥಾನ ಬಹುಮಟ್ಟಿಗೆ ಮರಳುತ್ತದೆ. ನಿಯಮದ ಮಾರ್ಪಾಡಾದರೋ ನಿಧಾನವಾಗಿ ಹರಡಿ, ಅಲ್ಲಿಯೇ ನೆಲೆನಿಲ್ಲುತ್ತದೆ. ಒಡೆಯನ ತಪ್ಪು ಅವನೊಬ್ಬನ ತಾಣಕ್ಕೆ ಮಾತ್ರ ತಗಲುತ್ತದೆ. ನೆರೆಯ ತಾಣಗಳೆಲ್ಲ ಕ್ಷೇಮವಾಗಿದ್ದು ತನ್ನದು ಮಾತ್ರ ಕಾಣೆಯಾದರೆ ಮೊದಲು ತನ್ನ ಮನೆಯನ್ನೇ ಪರೀಕ್ಷಿಸಬೇಕು. ಇದಕ್ಕೆ ನೆರವಾಗುವ ಸಾಧನಗಳನ್ನು ಗೂಗಲ್ ಸಂಸ್ಥೆ ಉಚಿತವಾಗಿ ಒದಗಿಸಿದೆ. 2022ರ ಡಿಸೆಂಬರಿನಿಂದ ತನ್ನ ವ್ಯವಸ್ಥೆಯ ದೊಡ್ಡ ತೊಡಕುಗಳನ್ನು ಒಂದು ಪ್ರತ್ಯೇಕ ಪುಟದಲ್ಲಿ ಪ್ರಕಟಿಸುತ್ತಲೂ ಇದೆ.

ದೋಷವೆಂದು ಕರೆಯಲಾಗದ, ಆದರೆ ದೋಷದಷ್ಟೇ ನೋವುಂಟುಮಾಡುವ ಇನ್ನೊಂದು ಸಂಗತಿಯಿದೆ. ಅದು ಯಂತ್ರದ ತಿಳಿವಳಿಕೆಯ ಮಿತಿ. ಮೂಡುಬಿದಿರೆ ಎಂದೂ ಮೂಡಬಿದ್ರಿ ಎಂದೂ ಬರೆಯುವ ಊರಿಗೆ ತುಳುವಿನಲ್ಲಿ ಬೆದ್ರ ಎಂಬ ಹೆಸರುಂಟು. ಊರಿನ ಮಗುವಿಗೂ ಇವೆಲ್ಲ ಒಂದೇ ಎಂದು ಗೊತ್ತು. ಯಂತ್ರಕ್ಕಾದರೋ ಅದನ್ನು ಕಲಿಸಬೇಕು. ಈ ಮಿತಿಯ ಕಹಿಯನ್ನು ಕನ್ನಡಿಗರು 2021ರ ಜೂನ್ ತಿಂಗಳಲ್ಲಿ ಉಂಡರು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದು ಎಂಬ ಅಸಂಬದ್ಧ ಪ್ರಶ್ನೆಗೆ ಶೋಧಕಯಂತ್ರವು ಪಟ್ಟಿಯ ಮೇಲ್ಗಡೆಯ ಚೌಕದಲ್ಲಿ ‘ಕನ್ನಡ’ ಎಂಬ ಉತ್ತರವನ್ನು ತೋರಿಸಿತು. ಯಾವುದೋ ತಾಣದಲ್ಲಿದ್ದ ಬೇಜವಾಬ್ದಾರಿಯ ವಾಕ್ಯವೊಂದನ್ನು ಎತ್ತಿ, ಪ್ರಶ್ನೆಯ ಪದಗಳಿಗೆ ಅದು ಹೊಂದುತ್ತದೆಯೆಂಬ ಒಂದೇ ಕಾರಣದಿಂದ ಯಂತ್ರವು ಅದನ್ನು ಉತ್ತರದ ಪೀಠದಲ್ಲಿ ಕೂರಿಸಿತ್ತು. ನಾಡಿನಾದ್ಯಂತ ಪ್ರತಿಭಟನೆ ಎದ್ದಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕ್ಷಮೆಯಾಚನೆಗೆ ಒತ್ತಾಯಿಸಿದರು. ಗೂಗಲ್ ಸಂಸ್ಥೆಯು ಆ ಉತ್ತರವನ್ನು ತೆಗೆದುಹಾಕಿ, ಅದು ತನ್ನ ಅಭಿಪ್ರಾಯವಲ್ಲವೆಂದು ತಿಳಿಸಿ, ಕ್ಷಮೆ ಕೇಳಿತು. ಇಲ್ಲಿ ತಂತ್ರಾಂಶದ ಯಾವ ಸಾಲೂ ತಪ್ಪಿರಲಿಲ್ಲವೆಂದೇ ಇಟ್ಟುಕೊಂಡರೂ, ಬಂದ ಉತ್ತರವು ಸುಳ್ಳಾಗಿತ್ತು. ಪಟ್ಟಿಯ ಮೇಲ್ಗಡೆ ಇರುವುದಕ್ಕೂ ನಿಜವಾಗಿರುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ವಿರಳ.

ಒಂದರಿಂದ ಇನ್ನೊಂದಕ್ಕೆ ಪ್ರತಿಮಾಡುವಾಗ ತಪ್ಪು ನುಸುಳುವುದು ಗಣಕಯುಗದ ಹೊಸ ವಿದ್ಯಮಾನವೇನೂ ಅಲ್ಲ. ಧವಳವೆಂಬ ಜೈನ ಸಿದ್ಧಾಂತಗ್ರಂಥದ ತಾಳೆಯೋಲೆಯ ಪ್ರತಿಗಳನ್ನು ಮೂಡುಬಿದಿರೆಯು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಮುಂದಿದ್ದುದು ಪ್ರತಿಯಿಂದ ಪ್ರತಿಮಾಡಿದ ಹಸ್ತಪ್ರತಿಗಳು. 93ನೆಯ ಸೂತ್ರದಲ್ಲಿ ಒಂದು ಪದ ಬಿಟ್ಟುಹೋಗಿರಬೇಕೆಂದು ಅವರಿಗೆ ಅನುಮಾನ ಬಂದಿತು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಹೋಲಿಸಿ ನೋಡಿದಾಗ ಆ ಪದ ಅಲ್ಲಿ ಇದ್ದೇ ಇದ್ದಿತು. ಲಿಪಿಕಾರನು ಎಡವಿದ್ದನು, ಮೂಲವು ಉಳಿದಿದ್ದುದರಿಂದ ತಪ್ಪನ್ನು ತಿದ್ದಲು ಸಾಧ್ಯವಾಯಿತು.

ಅಂತರ್ಜಾಲದ ವಿಷಯದಲ್ಲಿಯೂ ರಕ್ಷಣೆಯ ಮಾರ್ಗ ಇದೇ. ಶೋಧಕಯಂತ್ರವು ತೋರಿಸುವುದು ಸೂಚಿಯನ್ನೇ ಹೊರತು ಮೂಲವನ್ನಲ್ಲ. ಅದು ಕೊಡುವುದು ಲೆಕ್ಕದ ಫಲವೇ ಹೊರತು ತೀರ್ಪಲ್ಲ. ಆದುದರಿಂದ ಹುಡುಕುವವನು ಮೊದಲ ಉತ್ತರಕ್ಕೇ ನಿಲ್ಲದೆ, ಅದು ಎಲ್ಲಿಂದ ಬಂದಿತೆಂದು ನೋಡಿ, ಇನ್ನೆರಡು ಕಡೆ ಹೋಲಿಸಬೇಕು. ತಾಣವನ್ನು ನಡೆಸುವವನು ತನ್ನ ಬರಹದ ಮೂಲಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡು, ಒಂದೇ ಶೋಧಕಯಂತ್ರವನ್ನು ನೆಚ್ಚದೆ, ಗಿರಾಕಿಗಳೊಡನೆ ನೇರವಾದ ಸಂಪರ್ಕವನ್ನೂ ಉಳಿಸಿಕೊಳ್ಳಬೇಕು. ಯಂತ್ರವನ್ನು ನಡೆಸುವ ಸಂಸ್ಥೆಯು ತಪ್ಪಾದಾಗ ಅದನ್ನು ಮುಚ್ಚಿಡದೆ ಬೇಗನೆ ಹೇಳಬೇಕು. ಏಕೆಂದರೆ ಅದರ ಒಂದು ಓರೆಗೆರೆಯ ತಪ್ಪಿನಿಂದ ಎಲ್ಲೋ ದೂರದ ಹಳ್ಳಿಯಲ್ಲಿ ಒಬ್ಬನ ಬಾಗಿಲಿಗೆ ಬರಬೇಕಾಗಿದ್ದ ಅತಿಥಿಯು ಬಾರದೆ ಹೋಗಬಹುದು.