ನಿಮಗಿದು ಗೊತ್ತೆ? ಬಿಸಿಲಿನಿಂದ ಒಳಬಂದಾಗ ಕಣ್ಣು ತಡವರಿಸುವುದೇಕೆ

ಮಧ್ಯಾಹ್ನದ ಬಿಸಿಲಿನಿಂದ ಮನೆಯೊಳಗೆ ಕಾಲಿಟ್ಟರೆ ಒಂದು ಗಳಿಗೆ ಯಾರಿಗೂ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ರೋಗ ಇರುವ ಅನೇಕರಲ್ಲಿ ಈ ಹೊಂದಾಣಿಕೆ ತೀರಾ ನಿಧಾನ. ಹೊಸ್ತಿಲು ಎಡವುತ್ತಾರೆ, ನೆಲದ ಮೇಲಿಟ್ಟ ಚೊಂಬಿಗೆ ಕಾಲು ತಾಗಿಸುತ್ತಾರೆ, ಮೆಟ್ಟಿಲಿನ ಅಂಚು ತಿಳಿಯದೆ ಗೋಡೆ ತಡಕುತ್ತಾರೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅಲ್ಲೇ ನಾವು ತಪ್ಪುವುದು.

ಕಣ್ಣಿನಿಂದ ಮೆದುಳಿಗೆ ಸುದ್ದಿ ಒಯ್ಯುವ ದೃಷ್ಟಿನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಇವು ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ಮಂದ ಬೆಳಕನ್ನು ಗ್ರಹಿಸುವ ಕೋಶಗಳು ದೃಷ್ಟಿಯ ನಟ್ಟನಡುವೆ ಇರುವುದಿಲ್ಲ, ಅದರ ಸುತ್ತ ದಟ್ಟವಾಗಿರುತ್ತವೆ. ರೋಗ ಸಾಮಾನ್ಯವಾಗಿ ಮೊದಲು ಕೆಡಿಸುವುದೂ ಆ ಸುತ್ತಲಿನ ನೋಟವನ್ನೇ. ಹಾಗಾಗಿ ಹಗಲಲ್ಲಿ ಪತ್ರಿಕೆಯ ಸಣ್ಣ ಅಕ್ಷರ ಓದುವವರೂ ಮುಸ್ಸಂಜೆ ರಸ್ತೆ ದಾಟಲು ಅಳುಕುತ್ತಾರೆ. ಎದುರಿನ ಗಾಡಿಯ ಹೆಡ್‌ಲೈಟು ಕಣ್ಣು ಕೋರೈಸಿದರೆ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಚಿಕಿತ್ಸೆಗೆ ಬಳಸುವ ಪೈಲೋಕಾರ್ಪಿನ್ ಹನಿಯೂ ಪಾಪೆಯನ್ನು ಕಿರಿದಾಗಿಸುವುದರಿಂದ ಕತ್ತಲಲ್ಲಿ ನೋಟ ಇನ್ನಷ್ಟು ಮಸುಕಾಗಬಹುದು.

ಗ್ಲಾಕೋಮಾದ ಇನ್ನೊಂದು ಬಗೆಯಲ್ಲಿ ಕತ್ತಲೆಯೇ ಅಪಾಯ. ಕಣ್ಣೊಳಗಿನ ದ್ರವ ಹೊರಹೋಗುವ ಕೋನ ಕಿರಿದಾಗಿರುವವರಿಗೆ, ಸಿನಿಮಾ ಮಂದಿರದಂಥ ಕತ್ತಲಲ್ಲಿ ಪಾಪೆ ಅರಳಿದಾಗ ಆ ದಾರಿ ಮುಚ್ಚಿ ಒತ್ತಡ ದಿಢೀರನೆ ಏರಬಹುದು. ವಿಪರೀತ ಕಣ್ಣುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. 40 ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಕಣ್ಣಿನ ಒತ್ತಡದ ಜೊತೆಗೆ ದೃಷ್ಟಿನರವನ್ನೂ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಿ.