ನೂರು ಮೀಟರಿನ ಲೆಕ್ಕ

2010ನೆಯ ಇಸವಿ ನವೆಂಬರ್ 4ರ ಬೆಳಿಗ್ಗೆ ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಸಂಸ್ಥೆಯ ಎರಡಂತಸ್ತಿನ ಏರ್‌ಬಸ್ ಎ-380 ವಿಮಾನದಲ್ಲಿ 469 ಜನರಿದ್ದರು. ನೆಲ ಬಿಟ್ಟು ಕೆಲವೇ ನಿಮಿಷಗಳಾಗಿದ್ದವು. ಇಂಡೋನೇಷ್ಯದ ಬಾಟಮ್ ದ್ವೀಪದ ಮೇಲೆ ವಿಮಾನವು ಏರುತ್ತಿದ್ದಾಗ ಎರಡು ಬಾರಿ ಭಾರಿ ಸದ್ದಾಯಿತು. ಎಡರೆಕ್ಕೆಯ ಒಳಬದಿಯ ಎಂಜಿನಿನಲ್ಲಿ ಲೋಹದ ಚಕ್ರವೊಂದು ಸಿಡಿದು, ಅದರ ಚೂರುಗಳು ರೆಕ್ಕೆಯನ್ನು ಭೇದಿಸಿ, ಒಳಗಿನ ತಂತಿಗಳನ್ನೂ ಕೊಳವೆಗಳನ್ನೂ ಕತ್ತರಿಸಿಹಾಕಿದ್ದವು.

ಆದರೂ ವಿಮಾನ ಹಾರುತ್ತಲೇ ಇದ್ದಿತು. ಆದರೆ ಹಾರುವುದು ಬೇರೆ, ಇಳಿದು ನಿಲ್ಲುವುದು ಬೇರೆ!

ವಿಮಾನದ ಕಿಟಕಿಯ ಬಳಿ ಕುಳಿತು ಪ್ರಯಾಣ ಮಾಡಿದ ವಾಚಕರು ಒಂದು ನೋಟವನ್ನು ಗಮನಿಸಿರಬಹುದು. ಊರು ಸಮೀಪಿಸಿದಂತೆ ರೆಕ್ಕೆಯ ಹಿಂದಂಚಿನಿಂದ ಅಗಲವಾದ ಹಲಗೆಗಳು ಕೆಳಕ್ಕೆ ಚಾಚಿಕೊಳ್ಳುತ್ತವೆ. ಇವೇ ಫ್ಲಾಪ್‌ಗಳು. ಮುಂದಂಚಿನಲ್ಲಿಯೂ ಇಂಥವೇ ಇದ್ದು, ಅವುಗಳಿಗೆ ಸ್ಲ್ಯಾಟ್ ಎಂದು ಹೆಸರು. ಇವೆಲ್ಲ ಸೇರಿ ರೆಕ್ಕೆಯನ್ನು ಹೆಚ್ಚು ಬಾಗಿಸಿ ವಿಸ್ತರಿಸುವುದರಿಂದ, ಕಡಮೆ ವೇಗದಲ್ಲಿಯೂ ಗಾಳಿಯು ವಿಮಾನವನ್ನು ಎತ್ತಿ ಹಿಡಿಯಬಲ್ಲದು. ಅವು ಕೆಟ್ಟರೆ ವಿಮಾನವು ಹೆಚ್ಚು ವೇಗದಲ್ಲಿಯೇ ನೆಲ ಮುಟ್ಟಬೇಕು.

‘ಸ್ವಲ್ಪ ವೇಗ ಹೆಚ್ಚಾದರೇನು?’ ಎಂದು ಕೇಳಬಹುದು. ತೊಡಕಿರುವುದು ಇಲ್ಲಿಯೇ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ 100ರಿಂದ 120ಕ್ಕೇರಿದರೆ ಬ್ರೇಕು ನುಂಗಬೇಕಾದ ಶಕ್ತಿ 100ರಿಂದ 144ಕ್ಕೇರುತ್ತದೆ. ಆದುದರಿಂದಲೇ ಯಾವ ದೋಷಕ್ಕೆ ಇಳಿಯುವ ದೂರವನ್ನು ಎಷ್ಟರಿಂದ ಗುಣಿಸಬೇಕೆಂಬುದನ್ನು ವೈಮಾನಿಕರಿಗೆ ಮೊದಲೇ ತಿಳಿಸಿರುತ್ತಾರೆ. ಉದಾಹರಣೆಗೆಂದು ಇಟ್ಟುಕೊಳ್ಳೋಣ: ಸಾಮಾನ್ಯವಾಗಿ 1,800 ಮೀಟರು ಬೇಕು, ಗುಣಕ 1.4. ಆಗ 2,520 ಮೀಟರಾಯಿತು. ಅದಕ್ಕೆ ಶೇಕಡ 15ರಷ್ಟು ಎಚ್ಚರಿಕೆಯ ದೂರವನ್ನು ಸೇರಿಸಿದರೆ 2,898. ಭಾರ, ಗಾಳಿ, ನೆಲದ ತೇವ, ಇವುಗಳ ಲೆಕ್ಕ ಬೇರೆ.

ಅಂದು ಒಂದಲ್ಲ, ಹತ್ತಾರು ದೋಷಗಳು ಒಟ್ಟಿಗೆ ಬಂದಿದ್ದವು. ಸ್ಲ್ಯಾಟ್‌ಗಳು ಅಲುಗಲಿಲ್ಲ. ಬ್ರೇಕುಗಳ ಬಲ ಕುಂದಿದ್ದಿತು. ಎ-380ರಲ್ಲಿ ಹಿಮ್ಮುಖ ಬಲ ನೀಡುವವು ಒಳಬದಿಯ ಎರಡು ಎಂಜಿನುಗಳು ಮಾತ್ರ, ಅವುಗಳಲ್ಲೊಂದು ಸತ್ತಿತ್ತು. ಭಾರ ಸುಮಾರು 440 ಟನ್, ಎಂದರೆ ಇಳಿಯಲು ಅನುಮತಿಸಿದ ಮಿತಿಗಿಂತ ಸುಮಾರು 50 ಟನ್ ಹೆಚ್ಚು.

ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿಯವರ ಜೊತೆಗೆ ಅಂದು ಇನ್ನೂ ನಾಲ್ವರು ವೈಮಾನಿಕರಿದ್ದುದು ಪ್ರಯಾಣಿಕರ ಪುಣ್ಯ. ವಿಮಾನವು ಸಮುದ್ರದ ಮೇಲೆ ಸುತ್ತುತ್ತಿರಲು, ಒಳಗೆ ಗಣಕಯಂತ್ರಕ್ಕೆ ದೋಷಗಳನ್ನೆಲ್ಲ ಒಂದೊಂದಾಗಿ ತಿಳಿಸಲಾಯಿತು. ಆದರೆ ಯಂತ್ರವು ಇಳಿಯುವ ದೂರವನ್ನೇ ಹೇಳಲಿಲ್ಲ!

ಲೆಕ್ಕವನ್ನು ಕೈಬಿಟ್ಟು ಧೈರ್ಯವನ್ನೇ ನಂಬಿ ಇಳಿಯಬಹುದಾಗಿತ್ತೆ? ಅವರು ಹಾಗೆ ಮಾಡಲಿಲ್ಲ. ಕೊಟ್ಟ ಅಂಕಿಗಳನ್ನು ಮತ್ತೆ ಪರಿಶೀಲಿಸಿದರು. ರನ್‌ವೇ ಒದ್ದೆಯೆಂಬ ಎಣಿಕೆಯೂ ಅದರಲ್ಲಿ ಸೇರಿದ್ದಿತು. ಸಿಂಗಪುರದಲ್ಲಿಯೋ ಆಗ ಮಳೆ ಇರಲಿಲ್ಲ. ಆ ಒಂದು ಎಣಿಕೆಯನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಉತ್ತರ ಬಂದಿತು: ಚಾಂಗಿ ನಿಲ್ದಾಣದ 4,000 ಮೀಟರ್ ಉದ್ದದ ರನ್‌ವೇಯಲ್ಲಿ ನಿಲ್ಲಬಹುದು, 100 ಮೀಟರ್ ಉಳಿಯುತ್ತದೆ.

ಕಷ್ಟದಲ್ಲಿರುವವನು ಬೇಕಾದ ಉತ್ತರ ಬರುವಂತೆ ಅಂಕಿಗಳನ್ನು ತಿದ್ದುವುದುಂಟು. ಇವರು ತಿದ್ದಿದ್ದು ಹಾಗಲ್ಲ. ನಿಜವಲ್ಲದ ಒಂದನ್ನು ತೆಗೆದರು, ನಿಜವಾದ ದೋಷಗಳಲ್ಲಿ ಒಂದನ್ನೂ ಬಿಡಲಿಲ್ಲ.

ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕಿದ ವೇಗದಿಂದ ರನ್‌ವೇಯತ್ತ ಬಂದ ವಿಮಾನವು ನೆಲ ಮುಟ್ಟಿ, ಓಡಿ, ಕೊನೆಗೆ ಸುಮಾರು 150 ಮೀಟರ್ ಉಳಿದಿರುವಾಗ ನಿಂತಿತು. ಬ್ರೇಕುಗಳು ಕಾದು ಕೆಂಡವಾಗಿದ್ದವು. ಎಡರೆಕ್ಕೆಯಿಂದ ಇಂಧನ ಸುರಿಯುತ್ತಿದ್ದಿತು. ಎಡತುದಿಯ ಎಂಜಿನ್ ನಿಲ್ಲಿಸಿದರೂ ನಿಲ್ಲದೆ ಸುಮಾರು ಮೂರು ಗಂಟೆಗಳ ಕಾಲ ತಿರುಗುತ್ತಲೇ ಇದ್ದಿತು. ಅಗ್ನಿಶಾಮಕ ದಳದವರು ಕಾವಲಿದ್ದರು.

ಪ್ರಯಾಣಿಕರು ಬಲಬದಿಯ ಬಾಗಿಲಿಗೆ ಹಚ್ಚಿದ ಏಣಿಮೆಟ್ಟಿಲುಗಳಿಂದ ಇಳಿದರು. 469 ಜನರಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲ.