ಗುಟ್ಟು ಬಿಟ್ಟುಕೊಟ್ಟ ಗಾಜಿನ ಗುರು

ವೆನಿಸ್ ನಗರದಿಂದ ದೋಣಿಯೇರಿ ತುಸು ದೂರ ಸಾಗಿದರೆ ಮುರಾನೋ ಎಂಬ ಪುಟ್ಟ ದ್ವೀಪವು ಸಿಗುತ್ತದೆ. 1291ರಲ್ಲಿ ವೆನಿಸಿನ ಆಡಳಿತವು ಪಟ್ಟಣದೊಳಗಿನ ಗಾಜಿನ ಕುಲುಮೆಗಳನ್ನು ಅಲ್ಲಿಗೆ ಸಾಗಿಸುವಂತೆ ವಿಧಿಸಿತು. ಮನೆಗಳು ಒತ್ತೊತ್ತಾಗಿದ್ದ ಊರಿಗೆ ಬೆಂಕಿ ಬಿದ್ದೀತೆಂಬ ಭಯವೇನೋ ಇದ್ದಿತು. ಜೊತೆಗೆ, ಕಸುಬಿನ ಗುಟ್ಟನ್ನು ಬಲ್ಲವರನ್ನೆಲ್ಲ ಒಂದೆಡೆ ಕಾಯುವುದಕ್ಕೂ ಅನುಕೂಲವಾಯಿತು. ಆ ಕುಶಲಿಗಳಿಗೆ ಸಮಾಜದಲ್ಲಿ ದೊಡ್ಡ ಮರ್ಯಾದೆಯಿತ್ತು. ಇಲ್ಲದಿದ್ದುದು ನಾಡು ಬಿಟ್ಟು ಹೋಗಿ ಕಸುಬು ನಡೆಸುವ ಸ್ವಾತಂತ್ರ್ಯ ಮಾತ್ರ. 1665ರ ಸುಮಾರಿಗೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೆರನು ಮುರಾನೋದ ಕೆಲವರನ್ನು ಗುಟ್ಟಾಗಿ ಪ್ಯಾರಿಸಿಗೆ ಕರೆಸಿಕೊಂಡಾಗ ವೆನಿಸ್ ಕೆರಳಿತು. ಅವರನ್ನು ಮರಳಿಸಲು ಆಮಿಷ, ಬೆದರಿಕೆ ಎರಡನ್ನೂ ಹೂಡಿತು.

ಇಂಥ ದ್ವೀಪದಲ್ಲಿ 1934ರಲ್ಲಿ ಜನಿಸಿದವರು ಲೀನೋ ತಾಲ್ಯಪಿಯೇತ್ರ. ಗಾಜನ್ನು ಉಸಿರಿನಿಂದ ಅರಳಿಸಿದ ಈ ಕಲಾವಿದರ ಮನೆತನದ ಹೆಸರಿಗೆ ಇಟಲಿಯ ನುಡಿಯಲ್ಲಿ ‘ಕಲ್ಲುಕುಟಿಗ’ನೆಂದು ಅರ್ಥ! ಬಾಲ್ಯದಲ್ಲೇ ಶಾಲೆ ಬಿಟ್ಟ ಅವರು ಹನ್ನೊಂದರ ಹರೆಯದಲ್ಲಿ ಆರ್ಕಿಮೇದೇ ಸೆಗೂಸೋ ಎಂಬ ಹೆಸರಾಂತ ಗುರುವಿನ ಕುಲುಮೆಯನ್ನು ಸೇರಿದರು. ಮೊದಲ ಕೆಲಸ ನೀರು ಹೊರುವುದು. ನಮ್ಮ ಗುರುಕುಲದ ಶಿಷ್ಯನೂ ಸೌದೆ ಹೊತ್ತ ಮೇಲಲ್ಲವೇ ಪಾಠಕ್ಕೆ ಕುಳಿತದ್ದು? ಇಪ್ಪತ್ತೊಂದನೆಯ ವಯಸ್ಸಿಗೆ ಅವರಿಗೆ ‘ಮಾಯೆಸ್ತ್ರೋ’, ಅಂದರೆ ಗುರುಪದವಿ, ಪ್ರಾಪ್ತವಾಯಿತು.

ಆ ಪದವಿ ಎಷ್ಟು ಕಠಿನವೆಂಬುದನ್ನು ಕೆಲಸವನ್ನು ಅರಿತರೆ ಮಾತ್ರ ತಿಳಿದೀತು. ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಗಾಜು ಜೇನಿನಂತೆ ಇಳಿಯುತ್ತಿರುತ್ತದೆ. ಉದ್ದನೆಯ ಕಬ್ಬಿಣದ ಊದುಕೊಳವೆಯ ತುದಿಗೆ ಅದನ್ನು ಸುತ್ತಿ ತೆಗೆದು, ಊದಿ, ಉರುಳಿಸಿ, ಮತ್ತೆ ಬೆಂಕಿಗೊಡ್ಡಬೇಕು. ಒಂದು ಗಳಿಗೆ ಕೊಳವೆಯನ್ನು ತಿರುಗಿಸದೆ ನಿಂತರೆ ಗಾಜು ಜೋತುಬೀಳುತ್ತದೆ. ಮುರಾನೋದ ‘ಇನ್‌ಕಾಲ್ಮೋ’ ವಿಧಾನವಂತೂ ಎದೆ ನಡುಗಿಸುವಂಥದು: ಬೇರೆ ಬೇರೆ ಬಣ್ಣದ ಎರಡು ಬಿಸಿ ಗುಳ್ಳೆಗಳ ಬಾಯಂಚನ್ನು ಒಂದೇ ಅಳತೆಗೆ ತೆರೆದು, ಕಾವಿರುವಾಗಲೇ ಒಂದಕ್ಕೊಂದು ಕೂಡಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಮುಗಿದ ವಸ್ತುವನ್ನು ಇನ್ನೊಂದು ಒಲೆಯಲ್ಲಿಟ್ಟು ಮೆಲ್ಲಮೆಲ್ಲನೆ ಆರಿಸದಿದ್ದರೆ ಅದೂ ಬಿರಿದುಹೋಗುತ್ತದೆ. ಇದನ್ನು ಒಬ್ಬನೇ ಮಾಡಲಾರ. ಗುರುವಿನ ಕಣ್ಸನ್ನೆಯನ್ನರಿತು ನಡೆಯುವ ತಂಡವೇ ಬೇಕು.

ಇತ್ತ ಅಮೆರಿಕದಲ್ಲಿ 1962ರಲ್ಲಿ ಹಾರ್ವೆ ಲಿಟಲ್‌ಟನ್ ಅವರು ಟೊಲೀಡೋ ನಗರದಲ್ಲಿ ನಡೆಸಿದ ಶಿಬಿರಗಳಿಂದ, ಕಾರ್ಖಾನೆಯ ಹಂಗಿಲ್ಲದೆ ಕಲಾವಿದನೇ ಪುಟ್ಟ ಕುಲುಮೆಯಲ್ಲಿ ಗಾಜು ಊದಬಹುದೆಂಬ ಹುಮ್ಮಸ್ಸು ಹಬ್ಬಿತ್ತು. 1971ರಲ್ಲಿ ಡೇಲ್ ಚಿಹೂಲಿ ಮತ್ತು ಅವರ ಗೆಳೆಯರು ಸಿಯಾಟಲ್ಲಿನ ಉತ್ತರಕ್ಕೆ ಕಾಡಿನ ನಡುವೆ ಪಿಲ್ಚಕ್ ಶಾಲೆಯನ್ನು ತೆರೆದರು. ಉತ್ಸಾಹ ಬೇಕಾದಷ್ಟಿತ್ತು; ಶತಮಾನಗಳಿಂದ ಬಂದ ಹಸ್ತಕೌಶಲ ಇರಲಿಲ್ಲ. 1978ರಲ್ಲಿ ಕೆಕ್ಕೋ ಓಂಗಾರೋ ಎಂಬ ಮುರಾನೋದ ಗುರುಗಳು ಅಲ್ಲಿಗೆ ಹೋಗಿ ಬಂದರು. ಮರುವರ್ಷ ಅವರ ಸ್ಥಾನದಲ್ಲಿ ಹೊರಟವರು ಅವರ ಭಾವಮೈದುನ ಲೀನೋ.

ಊರಿನಲ್ಲಿ ಕೆಲವರು ಇದನ್ನು ದ್ರೋಹವೆಂದೇ ಆಡಿಕೊಂಡರು. ಹಾಗೆ ಅಂದವರನ್ನು ಸಣ್ಣ ಮನಸ್ಸಿನವರೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಇಡೀ ದ್ವೀಪದ ಅನ್ನವೇ ಆ ಗುಟ್ಟಿನಲ್ಲಿತ್ತು. ಮಗನಿಗಲ್ಲದೆ ಬೇರೊಬ್ಬರಿಗೆ ಚೀಜನ್ನು ಹೇಳಿಕೊಡದ ಉಸ್ತಾದರ ಕಥೆಗಳನ್ನು ನಮ್ಮ ಧಾರವಾಡದ ಕಡೆಯ ಸಂಗೀತಪ್ರಿಯರು ಇಂದಿಗೂ ಹೇಳುತ್ತಾರೆ. ಆ ಉಸ್ತಾದರಿಗೂ ಹೊಟ್ಟೆಯೆಂಬುದಿತ್ತು. ಆದರೆ ಅಂಥ ಕೋಣೆಗಳಲ್ಲೇ ಎಷ್ಟು ರಾಗಗಳು ಮಣ್ಣಾದವೋ ಬಲ್ಲವರಾರು!

ಇಂಗ್ಲಿಷ್ ಅಷ್ಟಾಗಿ ಬಾರದ ಲೀನೋ ಅಮೆರಿಕದ ಹುಡುಗರಿಗೆ ಕೈಯಿಂದಲೇ ಪಾಠ ಹೇಳಿದರು. ಯಾವುದನ್ನೂ ಮುಚ್ಚಿಡಲಿಲ್ಲ. ಇಂದು ನೀಳವಾದ, ಬಳುಕುವ ಹೂದಾನಿಗಳಿಗೆ ಹೆಸರಾದ ಡಾಂಟೆ ಮರಿಯೋನಿಯಂಥವರು ಅವರ ಬಳಿ ಕಲಿತವರೇ. 1988ರಲ್ಲಿ ಚಿಹೂಲಿಯವರ ‘ವೆನೀಷಿಯನ್ಸ್’ ಮಾಲಿಕೆಯು ರೂಪುಗೊಂಡಾಗ ಕುಲುಮೆಯ ಮುಂದಿದ್ದ ಕೈ ಲೀನೋ ಅವರದು.

ಕಲಿಸಲು ಹೋದವರು ತಾವೂ ಕಲಿತು ಬಂದರೆಂಬುದು ಸ್ವಾರಸ್ಯದ ಸಂಗತಿ. ಅದುವರೆಗೆ ಕಾರ್ಖಾನೆಗಳಿಗಾಗಿ ದುಡಿದಿದ್ದ ಅವರು ಐವತ್ತು ದಾಟಿದ ಮೇಲೆ ಸ್ವತಂತ್ರ ಕಲಾವಿದರಾದರು. ‘ಡೈನೋಸಾರ್’ ಎಂಬ ಮಾಲಿಕೆಯಲ್ಲಿ ಹೂಜಿಯ ಕುತ್ತಿಗೆ ಕೊಕ್ಕರೆಯದರಂತೆ ನೀಳವಾಗಿ ಬಾಗಿಹೋಗುತ್ತದೆ. ‘ಎಂಡೆವರ್’ ಕೃತಿಯಲ್ಲಿ ಬಣ್ಣಬಣ್ಣದ ಗಾಜಿನ ದೋಣಿಗಳು ಸಾಲಾಗಿ ಗಾಳಿಯಲ್ಲಿ ತೇಲುತ್ತವೆ. ಅವನ್ನು ಕಂಡಾಗ ವೆನಿಸಿನ ಕಾಲುವೆಗಳು ನೆನಪಾಗದಿರವು. 2008ರಲ್ಲಿ ಟಕೋಮಾದ ಗಾಜಿನ ವಸ್ತುಸಂಗ್ರಹಾಲಯವು ಅವರ ಜೀವಮಾನದ ಕೃತಿಗಳ ಪ್ರದರ್ಶನವನ್ನೇರ್ಪಡಿಸಿತು. ಮರುವರ್ಷ ಅದು ವಾಷಿಂಗ್‌ಟನ್ನಿನ ರೆನ್ವಿಕ್ ಗ್ಯಾಲರಿಗೂ ಹೋಯಿತು. 2011ರಲ್ಲಿ ವೆನಿಸಿನದೇ ಫ್ರಾಂಕೆಟ್ಟಿ ಅರಮನೆಯಲ್ಲಿ ಅವರ ಪ್ರದರ್ಶನ ನಡೆಯಿತು. ಊರಿನ ಮುನಿಸು ಎಷ್ಟು ಇಳಿದಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

2021ರಲ್ಲಿ, ಎಂಬತ್ತೇಳರ ಹರೆಯದಲ್ಲಿ, ಅವರು ಕುಲುಮೆಯ ಕೆಲಸದಿಂದ ನಿವೃತ್ತರಾದರು. ಅದೇ ವರ್ಷದ ಕೊನೆಯಲ್ಲಿ ಅನಿಲದ ಬೆಲೆ ಒಮ್ಮೆಗೇ ಏರಿ, ಹಗಲಿರುಳೂ ಉರಿಯುವ ಮುರಾನೋದ ಕುಲುಮೆಗಳಲ್ಲಿ ಎಷ್ಟೋ ಕೆಲಕಾಲ ಆರಿಹೋದವು. ಆ ದಿನಗಳಲ್ಲಿ ಸಿಯಾಟಲ್ಲಿನ ಸುತ್ತಮುತ್ತ ಯುವಕ ಯುವತಿಯರು ಊದುಕೊಳವೆ ಹಿಡಿದು ಮುರಾನೋದ ಇನ್‌ಕಾಲ್ಮೋ ಕೂಡಿಸುತ್ತಲೇ ಇದ್ದರು.